ಗೇರ್ ಸೈಕಲ್ಲಿನ ಅಳಿಯ

ಸೈಕಲ್ಲಿಗೆ ಹದಿನೆಂಟು ಗೇರು ಇರುವಾಗ ಮನುಷ್ಯನಿಗೆ ಬಸ್ಸು ಯಾಕೆ ಬೇಕು? ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ, ಕೊಣ್ಣೂರಿನ ನಮ್ಮ ಮನೆಯ ಅಂಗಳದಲ್ಲಿ ನಿಂತು ಹೆಂಡತಿ ಸುನಂದಾಳಿಗೆ ಈ ಪ್ರಶ್ನೆ ಕೇಳಿದೆ. ಅವಳು ಬಸ್ಸಿಗೆ ಹೋಗಲು ಚೀಲ ತುಂಬುತ್ತಿದ್ದಳು.

ಮಾವನ ಮನೆ ಗುಡ್ಡದ ಆಚೆ, ಯಮಕನಮರಡಿ ಕಡೆಯ ಒಂದು ಹಳ್ಳಿಯಲ್ಲಿ. ಬಸ್ಸು ಗುಡ್ಡವನ್ನು ಸುತ್ತು ಹಾಕಿ ಹೋಗುತ್ತದೆ. ಗುಡ್ಡದ ಕಾಡಿನೊಳಗಿಂದ ಒಂದು ಕಾಲುದಾರಿ ಇದೆ ಎಂದು ಕೇಳಿದ್ದೆ. ನನ್ನ ಹೊಸ ಸೈಕಲ್ಲು ಗುಡ್ಡ ಹತ್ತುವುದಕ್ಕೆಂದೇ ತಯಾರಾದದ್ದು ಎಂದು ಅಂಗಡಿಯವನು ಹೇಳಿದ್ದ. ಅದರ ಮೇಲೆ ಕೂರುವವನ ಬಗ್ಗೆ ಅವನು ಏನೂ ಹೇಳಿರಲಿಲ್ಲ.

"ಹೊತ್ತ ಮುಣಗೂದ್ರೊಳಗ ಬರ್ತೀರಿಲ್ರಿ? ಅವ್ವ ನಿಮ್ಮ ಸಲುವಾಗಿ ಹೋಳಿಗಿ, ಮಾವಿನಹಣ್ಣಿನ ಶೀಕರಣಿ ಮಾಡಾಕತ್ತಾಳ" ಎಂದಳು ಸುನಂದಾ.

"ನಿನ್ನ ಬಸ್ಸ ಬರೂದ್ರಾಗ ನಾ ಅಲ್ಲಿ ಕೈಕಾಲ ತೊಳಕೊಂಡ ತಾಟಿನ ಮುಂದ ಕುಂತಿರ್ತೀನಿ!"

ಹೊತ್ತಿನ ಮಾತು ಸುಮ್ಮನೆ ಬಂದದ್ದಲ್ಲ. ನಾವು ಜೈನರು. ಮಾವನ ಮನೆಯಲ್ಲಿ ಸೂರ್ಯ ಮುಳುಗಿದ ಮೇಲೆ ಒಂದು ತುತ್ತೂ ಬಾಯಿಗೆ ಹೋಗುವುದಿಲ್ಲ. ಸಾಲದ್ದಕ್ಕೆ ಮರುದಿನ ಚತುರ್ದಶಿ, ದೊಡ್ಡವರಿಗೆಲ್ಲ ಉಪವಾಸ. "ಈ ಸಲ ನಾನೂ ಮಾಡ್ತೀನ್ರಿ ಮಾವಾರ" ಎಂದು ಫೋನಿನಲ್ಲಿ ಘೋಷಿಸಿಬಿಟ್ಟಿದ್ದೆ. ಅಂದರೆ ಈ ಸಂಜೆಯ ಊಟ ತಪ್ಪಿದರೆ ಮುಂದಿನ ತುತ್ತು ನಾಡಿದ್ದು ಬೆಳಿಗ್ಗೆ! ಇಂಥ ಪರಿಸ್ಥಿತಿಯಲ್ಲಿ ಬುದ್ಧಿ ಇರುವವನು ಮಧ್ಯಾಹ್ನವೇ ಹೊಟ್ಟೆ ತುಂಬ ಉಣ್ಣುತ್ತಾನೆ. ನಾನು ಹೋಳಿಗೆಗೆ ಜಾಗ ಇರಲಿ ಎಂದು ಮಧ್ಯಾಹ್ನದ ಊಟವನ್ನೇ ಬಿಟ್ಟೆ.

ಬೆನ್ನ ಚೀಲದಲ್ಲಿ ಅತ್ತೆಗೆಂದು ಒಂದು ಪೊಟ್ಟಣ ಕರದಂಟು ಇಟ್ಟುಕೊಂಡು ಮೂರು ಗಂಟೆಗೆ ಹೊರಟೆ. ಕಬ್ಬಿನ ಹೊಲಗಳ ನಡುವಿನ ಸಪಾಟು ದಾರಿಯಲ್ಲಿ ನನ್ನ ಸವಾರಿ ನೋಡುವಂತಿತ್ತು. ನೋಡುವವರೂ ಇದ್ದರು. ಗುಡ್ಡದ ಏರು ಶುರುವಾದಾಗ ಗೇರು ಬದಲಿಸಿದೆ. ಬಲಗೈಯ ಕಡ್ಡಿ ಎಳೆದೆ, ಪೆಡಲು ಹಗುರಾಯಿತು. ಬಲಗೈಯದೇ ಇಷ್ಟು ಮಾಡಿದರೆ ಎಡಗೈಯದು ಇನ್ನೆಷ್ಟು ಮಾಡೀತು ಎಂದು ಅದನ್ನೂ ಎಳೆದೆ. ಚೈನು ಕಳಚಿ ಬಿತ್ತು. ಹಾಕಿದೆ, ಮತ್ತೆ ಬಿತ್ತು. ಐದನೆಯ ಸಲಕ್ಕೆ ನನ್ನ ಎರಡೂ ಕೈ, ಮೂಗು, ಹಣೆ ಎಲ್ಲ ಗ್ರೀಸು. ಆರನೆಯ ಸಲ ಸ್ವಾಭಿಮಾನ ಬಿಟ್ಟು ಸೈಕಲ್ಲನ್ನು ಹೆಗಲಿಗೆ ಏರಿಸಿದೆ.

ಅಷ್ಟರಲ್ಲಿ ತಲೆಯ ಮೇಲೆ ಕಟ್ಟಿಗೆ ಹೊರೆ ಹೊತ್ತ ಮುದುಕಿಯೊಬ್ಬಳು ಹಿಂದಿನಿಂದ ಬಂದು ನನ್ನನ್ನು ದಾಟಿದಳು. ದಾಟಿ, ನಿಂತು, ತಿರುಗಿ ನೋಡಿದಳು.

"ಯಾಕೋ ತಮ್ಮಾ, ಸೈಕಲ್ ಕೆಟ್ಟೈತೇನು?"

"ಇಲ್ಲಬೇ ಯವ್ವಾ, ಹೊಸಾದೈತಿ."

"ಹೊಸಾದಂತ, ಹೊಲಸ ಆಗಬಾರ್ದಂತ ಹೆಗಲಮ್ಯಾಲ ಹೊತ್ತಿಯೇನು?"

ಏದುಸಿರಿನಲ್ಲೇ ಮಾವನ ಊರಿನ ಹೆಸರು ಹೇಳಿ ಅವಳ ಹಿಂದೆ ಹತ್ತಿದೆ. ಗುಡ್ಡದ ನೆತ್ತಿಯಲ್ಲಿ ದಾರಿ ಎರಡಾಯಿತು. "ಎಡಕ್ಕಿನ ಸಣ್ಣ ದಾರಿ ಹಿಡಿ. ಬಲಕ್ಕ ಹೋಗಬ್ಯಾಡ" ಎಂದು ಹೇಳಿ ಅವಳು ಕಾಡಿನೊಳಗೆ ಇಳಿದು ಹೋದಳು.

ಎಡದ ದಾರಿ ನೋಡಿದೆ. ಬರೀ ಕಲ್ಲು, ಎರಡೂ ಬಾಜೂ ಮುಳ್ಳು. ಬಲದ್ದು ಅಗಲವಾಗಿ, ನುಣ್ಣಗೆ, ಇಳಿಜಾರಾಗಿ ಕರೆಯುತ್ತಿತ್ತು. ಕಾಲಲ್ಲಿ ನಡೆಯುವ ಮುದುಕಿಗೆ ಚಕ್ರದ ದಾರಿ ಏನು ಗೊತ್ತು? ನಾನು ಬಲಕ್ಕೆ ತಿರುಗಿದೆ.

ಆಹಾ, ಆ ಇಳಿಜಾರು! ಗಿಡಮರಗಳು ಹಿಂದೆ ಓಡುತ್ತಿದ್ದವು, ಅಂಗಿ ಪಟಪಟ ಹಾರುತ್ತಿತ್ತು. ನಾನು ಖುಷಿಯಿಂದ ಕೂಗಿದೆ. ಕೆಳಗಿನಿಂದ ಯಾರೋ ದಪ್ಪ ದನಿಯಲ್ಲಿ ಓಗೊಟ್ಟರು. ತಿರುವು ದಾಟಿದರೆ ಹೊಂಡ, ಹೊಂಡದ ತುಂಬ ಎಮ್ಮೆ! ಆ ಅಗಲವಾದ ದಾರಿಯನ್ನು ಎಮ್ಮೆಗಳೇ ನೀರಿಗೆ ಹೋಗಿ ಹೋಗಿ ಮಾಡಿದ್ದವು. ಅದು ಎಲ್ಲಿಗೂ ಮುಂದೆ ಹೋಗುತ್ತಿರಲಿಲ್ಲ. ಗಾಬರಿಯಲ್ಲಿ ಮುಂದಿನ ಬ್ರೇಕು ಹಿಡಿದೆ. ಸೈಕಲ್ಲು ದಂಡೆಯಲ್ಲಿ ನಿಂತಿತು. ನಾನು ನಿಲ್ಲಲಿಲ್ಲ.

ಎಮ್ಮೆಗಳು ಸಜ್ಜನರು. ಸ್ವಲ್ಪ ಸರಿದು ನನಗೂ ಜಾಗ ಬಿಟ್ಟವು.

ಕೆಸರಿನಿಂದ ಎದ್ದು ನೋಡಿದರೆ ಸೂರ್ಯ ಇನ್ನೂ ಇದ್ದ. ಕರದಂಟಿನ ಪೊಟ್ಟಣವೂ ಒದ್ದೆಯಾಗದೆ ಉಳಿದಿತ್ತು. ಹೊಟ್ಟೆ ಕೂಗುತ್ತಿತ್ತು. ಒಂದು ತುಂಡು ತಿಂದುಬಿಡಲೇ? ಬೇಡ, ಹೋಳಿಗೆ ಎರಡು ಕಡಿಮೆ ಹೋದಾವು! ಪೊಟ್ಟಣವನ್ನು ಭದ್ರವಾಗಿ ಒಳಗೇ ಇಟ್ಟೆ. ನನ್ನ ಜೀವನದಲ್ಲಿ ಇಷ್ಟು ಗಂಭೀರವಾಗಿ ಯೋಚಿಸಿ ಇಷ್ಟು ದೊಡ್ಡ ತಪ್ಪು ಇನ್ನೊಂದು ಮಾಡಿಲ್ಲ.

ಇಳಿದದ್ದನ್ನೆಲ್ಲ ಮತ್ತೆ ಹತ್ತಿದೆ. ಎಡದ ದಾರಿ ಹಿಡಿದೆ. ಮುಂದಿನ ಚಕ್ರಕ್ಕೆ ಮುಳ್ಳು, ಹಿಂದಿನದಕ್ಕೂ ಮುಳ್ಳು, ಪ್ಯಾಂಟಿಗೆ ಲೆಕ್ಕವಿಲ್ಲ. ಪಶ್ಚಿಮಕ್ಕೇ ಹೋಗುತ್ತಿದ್ದೆನಾದ್ದರಿಂದ ಸೂರ್ಯ ದಾರಿಯುದ್ದಕ್ಕೂ ಮುಖಕ್ಕೆ ಮುಖ ಕೊಟ್ಟು ಇಳಿಯುತ್ತಿದ್ದ. "ಸ್ವಲ್ಪ ತಡೀಯೋ ಮಾರಾಯಾ!" ಎಂದು ಕೂಗಿದೆ. ಮಾವನ ಮನೆಯ ಹೆಂಚು ಕಂಡಾಗ ಅವನ ಅಂಚಷ್ಟೇ ಉಳಿದಿತ್ತು. ಹೆಗಲ ಮೇಲೆ ಸೈಕಲ್ಲು ಹೊತ್ತು ಓಡಿದೆ. ಅಂಗಳಕ್ಕೆ ಕಾಲಿಟ್ಟಾಗ ಅದೂ ಇರಲಿಲ್ಲ.

ಕಟ್ಟೆಯ ಮೇಲೆ ಮನೆಯ ದೊಡ್ಡವರು ಎಂಟು ಮಂದಿ ಸಾಲಾಗಿ ಕೂತಿದ್ದರು. ಸುನಂದಾ ನನ್ನ ಗ್ರೀಸು, ಕೆಸರು, ಹರಿದ ಪ್ಯಾಂಟು ಎಲ್ಲವನ್ನೂ ಕ್ರಮವಾಗಿ ನೋಡಿದಳು.

"ಎಲ್ಲಾರದೂ ಊಟ ಆತಲ್ರಿ?" ಎಂದೆ.

"ಅಳಿಯಂದಿರನ್ನ ಬಿಟ್ಟ ನಾವ್ ಹ್ಯಾಂಗ ಉಣ್ಣೂದ್ರಿ?" ಎಂದರು ಅತ್ತೆ, ಮೆಲ್ಲಗೆ. "ಈಗ ಬರ್ತಾರ, ಈಗ ಬರ್ತಾರ ಅಂತ ದಾರಿ ನೋಡಿದ್ವಿ."

ಅವರು ಬೈದಿದ್ದರೆ ಚೆನ್ನಾಗಿತ್ತು. ಬೆಳಿಗ್ಗೆಯಿಂದ ಒಲೆಯ ಮುಂದೆ ಬೆಂದವರು ನನ್ನಿಂದಾಗಿ ಒಂದೂವರೆ ದಿನ ಉಪವಾಸ! ನಾಚಿಕೆಯಿಂದ ನನಗೆ ಅಲ್ಲೇ ಅಳು ಬರುವಂತಾಯಿತು.

"ಇರಲಿ ಬಿಡ್ರಿ" ಎಂದರು ಮಾವ. "ನಮ್ಮ ಉಪವಾಸ ಒಂದ ರಾತ್ರಿ ಮೊದಲ ಚಾಲೂ ಆತು. ಅಷ್ಟ."

ಆದರೆ ಹೋಳಿಗೆ, ಶೀಕರಣಿ ನಾಡಿದ್ದಿನವರೆಗೆ ಇಡುವಂತಿಲ್ಲ. ಬಾಜೂ ಮನೆಯ ಬಸಪ್ಪ ಕಾಕಾ ಲಿಂಗಾಯತರು. ಅವರ ಊಟಕ್ಕೆ ಸೂರ್ಯನ ಅಪ್ಪಣೆ ಬೇಕಿಲ್ಲ. ಬುಟ್ಟಿ, ಪಾತ್ರೆ ಎರಡೂ ಅವರ ಕಟ್ಟೆಗೆ ಹೋದವು. ಕಾಕಾ ಅಲ್ಲೇ ಪದ್ಮಾಸನ ಹಾಕಿ ಕೂತು, "ಹೇಳ್ರಿ ಅಳಿಯಂದಿರ, ಗುಡ್ಡದಾಗ ಏನೇನಾತು?" ಎಂದರು.

ನಾನು ಹೇಳುತ್ತಾ ಹೋದೆ, ಅವರು ಉಣ್ಣುತ್ತಾ ಹೋದರು. ಚೈನು ಬೀಳುವಾಗ ಎರಡನೆಯ ಹೋಳಿಗೆ. ಮುದುಕಿಗೆ ನಾಲ್ಕನೆಯದು. ಎಮ್ಮೆಯ ಹೊಂಡಕ್ಕೆ ಬಂದಾಗ ನಗು ತಡೆಯಲಾರದೆ ಶೀಕರಣಿ ನೆತ್ತಿಗೇರಿತು. ರೂಢಿಯ ಬಲದಿಂದ ನಮ್ಮ ಅತ್ತೆ ಈಚೆಯಿಂದಲೇ, "ಸಾವಕಾಶ ಉಣ್ರಿ, ಇನ್ನೊಂದ ಹಾಕ್ಕೋರಿ" ಎಂದು ಉಪಚಾರ ಮಾಡುತ್ತಿದ್ದರು. ಅಳಿಯನಾಗಿ ಬಂದವನು ನಾನು, ಅಳಿಯತನ ನಡೆದದ್ದು ಕಾಕಾಗೆ!

ಒಂಬತ್ತನೆಯದನ್ನು ಮುಗಿಸಿ, ಕೈ ತೊಳೆದು, ಕಾಕಾ ಉದ್ದನೆಯ ತೇಗು ಬಿಟ್ಟರು.

"ಅಳಿಯಂದಿರ, ದೀಪಾವಳಿಗೂ ಸೈಕಲ್ ಮ್ಯಾಲೇ ಬರ್ರಿ."

ಎಂಟು ಹಸಿದ ಮುಖಗಳು ಒಟ್ಟಿಗೆ ನನ್ನ ಕಡೆ ತಿರುಗಿದವು.