ಸೀಡಿಗೂ ಬೇಕಾದ ಕೈಗುಣ

ಕೈಗುಣ ಎನ್ನುವುದು ವೈದ್ಯರಿಗಿದ್ದರೆ ಊರಿಗೆ ಒಳ್ಳೆಯದು, ಅಡುಗೆಯವರಿಗಿದ್ದರೆ ಮನೆಗೆ ಒಳ್ಳೆಯದು. ಕಂಪ್ಯೂಟರ್ ಮುಂದೆ ಕೂರುವವನಿಗೆ ಇದೆಯೆಂದು ಸುದ್ದಿಯಾದರೆ ಮಾತ್ರ ಅವನ ಶನಿವಾರಗಳು ಹಾಳಾದವೆಂದೇ ತಿಳಿಯಿರಿ. ನನ್ನವು ಹಾಗೆ ಹಾಳಾದವು. ಯಾವ ವರ್ಷ ಎಂದು ಕೇಳಬೇಡಿ. ನನ್ನ ನೆನಪು ಘಟನೆಗಳನ್ನು ಇಸ್ತ್ರಿ ಮಾಡಿ ಮಡಿಸಿಡುವ ಜಾತಿಯದು. ಮಡಿಕೆಗಳೆಲ್ಲ ಅದರ ಸ್ವಂತ ಕೆಲಸ. ಜನ ಇನ್ನೂ ಸೀಡಿಯನ್ನು ಅಂಚಿನಲ್ಲಿ ಹಿಡಿದು ಗೌರವದಿಂದ ಎತ್ತುತ್ತಿದ್ದ ಕಾಲ ಎಂದರೆ ಸಾಕು.

ಕೊಚ್ಚಿಯ ಕಲೂರಿನಲ್ಲಿ, ಬಸ್ ನಿಲ್ದಾಣದ ಹಾರ್ನ್ ಕೇಳಿಸುವಷ್ಟು ಹತ್ತಿರ ನಮ್ಮ ಕಚೇರಿ. ಖಾಲಿ ಕಂಪ್ಯೂಟರಿಗೆ ಜೀವ ತುಂಬುವ ಆಪರೇಟಿಂಗ್ ಸಿಸ್ಟಂ ಸೀಡಿಗಳನ್ನು ಶಾಲೆಗಳಿಗಾಗಿ ತಯಾರಿಸುವುದು ನಮ್ಮ ಕೆಲಸ. ನೂರಾರು ಚೂರುಗಳನ್ನು ಕೂಡಿಸಿ ಮೂರು ಸೀಡಿಗಳ ಒಂದು ಕಟ್ಟು ಮಾಡಲು ಒಂದು ಸ್ಕ್ರಿಪ್ಟ್ ಇತ್ತು, ಅಂದರೆ ಯಂತ್ರಕ್ಕೆ ಸಾಲಾಗಿ ಬರೆದುಕೊಟ್ಟ ಆಜ್ಞೆಗಳು. ಅದು ಕೆಲಸ ಮಾಡುತ್ತಿದ್ದದ್ದು ಮದುವೆಮನೆಯ ಸೋದರಮಾವನ ಹಾಗೆ. ಹೆಜ್ಜೆಹೆಜ್ಜೆಗೂ ನಿಂತು ಕೇಳುವುದು: ಹಳೆಯದನ್ನು ಅಳಿಸಲೇ? ಮುಂದುವರಿಯಲೇ? ನಿಜವಾಗಿಯೂ? ಯಾರಾದರೂ ಎಂಟರ್ ಒತ್ತದಿದ್ದರೆ ಮುನಿಸಿಕೊಂಡು ಅಲ್ಲೇ ಕೂರುವುದು. ಮೂರನೆಯ ಸೀಡಿಯಲ್ಲಿ ಎಡವಿದರೆ ಮೊದಲನೆಯದರಿಂದ ಮತ್ತೆ ಶುರು. ವಾರವೆಲ್ಲ ಆ ದೊಡ್ಡ ಯಂತ್ರ ಬೇರೆಯವರ ಕೈಯಲ್ಲಿ. ಬಿಡುವಾಗಿ ಸಿಗುವುದು ಶನಿವಾರ ಮಾತ್ರ.

ನಾನು ಸೇರಿದ ಹೊಸದರಲ್ಲಿ, ನಾನು ಕಾಯುತ್ತ ಕೂತ ದಿನ, ಅದು ಎಲ್ಲೂ ಎಡವದೆ ಮುಗಿಯಿತು. ನಮ್ಮ ಮುಖ್ಯಸ್ಥರು ಥಾಮಸ್ ಚೇಟ್ಟನ್, ಅಂದರೆ ಥಾಮಸಣ್ಣ. ಮಟ್ಟಾಂಚೇರಿಯ ಕಾಳುಮೆಣಸಿನ ವ್ಯಾಪಾರಿಗಳ ಮನೆಯವರು. ಮೆಣಸಿನ ಹಾಗೆ ಸೀಡಿಯನ್ನೂ ಮೂಸಿ ನೋಡಲಿಲ್ಲ, ಅಷ್ಟೇ. “ಮೋನೇ, ನಿನಗೆ ಕೈಪುಣ್ಯಂ ಇದೆ,” ಎಂದರು. ಮೋನೇ ಎಂದರೆ ಮಗನೇ, ಕೈಪುಣ್ಯಂ ಎಂದರೆ ನಮ್ಮ ಕೈಗುಣವೇ. ಅಂದಿನಿಂದ ಪ್ರತಿ ಹೊಸ ಕಟ್ಟಿನ ಬಿಡುಗಡೆಗೂ ಅದೇ ಕುರ್ಚಿ, ಅದೇ ನಾನು, ಏಸಿಯ ಚಳಿಗೆ ಮೈಸೂರಿನ ಅತ್ತೆ ಹೆಣೆದುಕೊಟ್ಟ ಅದೇ ಬೂದು ಸ್ವೆಟರ್. ಬೇರೆಯವರು ಕೂತಾಗ ಕೆಟ್ಟದ್ದುಂಟು, ನಾನು ಕೂತಾಗಲೂ ಕೆಟ್ಟದ್ದುಂಟು. ಎರಡನೆಯದನ್ನು ಕಚೇರಿ ನೆನಪಿಟ್ಟುಕೊಳ್ಳಲಿಲ್ಲ. ನೆನಪೆಂದರೆ ನನಗೆ ಅನುಮಾನ ಇಂಥದಕ್ಕೇ.

ಅತ್ತ ತಿರುವನಂತಪುರದ ಶ್ರೀಕಾರ್ಯಂನಲ್ಲಿ ನನ್ನ ಹೆಂಡತಿ ಶೈಲಜ ಮರಗೆಣಸಿನ ರೋಗಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಯುಕೆಜಿಯ ಮಗಳು ಅದಿತಿ ಅವಳ ಜೊತೆ. ಬಿಡುಗಡೆ ಇಲ್ಲದ ಶನಿವಾರ ರೈಲಿನಲ್ಲಿ ಬಂದಿಳಿಯುವ ಅಪ್ಪ ನಾನು. ಒಂದು ಸಂಜೆ ಶೈಲಜ ಫೋನ್ ಮಾಡಿದಳು.

“ಬರೋ ತಿಂಗಳು ಎರಡನೇ ಶನಿವಾರ ಇವಳ ಸ್ಕೂಲ್ ಡೇ. ಇವಳು ತೆಂಗಿನಮರ.”

“ಅವತ್ತೇ ಬಿಡುಗಡೆ ಇದೆ ಕಣೇ.”

“ನಾನು ಪಕ್ಕದಲ್ಲಿ ಕೂರದೇ ಇದ್ರೂ ಮರಗೆಣಸು ಬೆಳೆಯುತ್ತೆ ರೀ. ನಿಮ್ಮ ಸೀಡಿಗೇನು ಬಾಣಂತನವಾ?”

ಹಿಂದಿನಿಂದ ಮಗಳ ದನಿ: “ಅಚ್ಛನ್ ವರುಮೋ?” ಅಪ್ಪ ಬರ್ತಾನಾ ಎಂದು. ಕನ್ನಡದಲ್ಲಿ ಬೈದರೆ ಅವಳಿಗೆ ಚೆನ್ನಾಗಿ ಅರ್ಥವಾಗುತ್ತದೆ. ಉತ್ತರ ಮಾತ್ರ ಮಲಯಾಳದಲ್ಲಿ. ಬರ್ತೀನಿ ಎಂದುಬಿಟ್ಟೆ.

ಮರುದಿನವೇ ಸ್ಕ್ರಿಪ್ಟನ್ನು ಬಿಚ್ಚಿ ಹರಡಿಕೊಂಡೆ. ಅದು ಕೇಳುವ ಪ್ರಶ್ನೆಗಳಿಗೆಲ್ಲ ಮೊದಲೇ ಉತ್ತರ ಬರೆದಿಟ್ಟೆ. ಪ್ರತಿ ಹಂತ ಮುಗಿದಾಗ ಒಂದು ಗುರುತು ಬಿಟ್ಟು ಮುಂದೆ ಹೋಗುವಂತೆ, ಎಡವಿದರೆ ಎಡವಿದ ಜಾಗದಿಂದಲೇ ಏಳುವಂತೆ ಮಾಡಿದೆ. ಕೊನೆಯಲ್ಲಿ ಯಂತ್ರದೊಳಗೇ ಒಂದು ಹುಸಿ ಯಂತ್ರ ಹುಟ್ಟಿಸಿ, ಅದರ ಮೇಲೆ ಹೊಸ ವ್ಯವಸ್ಥೆಯನ್ನು ತಾನೇ ಪರೀಕ್ಷಿಸಿ, ಪಾಸಾದರೆ ನನಗೊಂದು ಎಸ್ಸೆಮ್ಮೆಸ್ ಕಳಿಸುವಂತೆ ಹೇಳಿಕೊಟ್ಟೆ. ಹಾಗೆ ಬಿಚ್ಚುವಾಗಲೇ ಕೈಗುಣದ ಗುಟ್ಟೂ ಹೊರಬಿತ್ತು. ಮಲಯಾಳಂ ಫಾಂಟನ್ನು ಸ್ಕ್ರಿಪ್ಟ್ ಎತ್ತಿಕೊಳ್ಳುತ್ತಿದ್ದದ್ದು ಅದನ್ನು ಓಡಿಸುವವರ ಸ್ವಂತ ಫೋಲ್ಡರಿನಿಂದ, ಅಲ್ಲಿ ಸಿಗದಿದ್ದರೆ ಎಡವುತ್ತಿತ್ತು. ಬರೆದಾತ ಕೆಲಸ ಬಿಟ್ಟಾಗ ಅವನದು ಅಳಿಸಿಹೋಗಿತ್ತು. ಕಚೇರಿಯ ಮಲಯಾಳಿಗಳಾರೂ ಅದನ್ನು ಇಟ್ಟುಕೊಂಡಿರಲಿಲ್ಲ. ಇಟ್ಟುಕೊಂಡಿದ್ದವನು ಮಗಳ ಭಾಷೆಯ ಅಕ್ಷರ ಕಲಿಯಹೊರಟು ‘ಅ’ದಲ್ಲೇ ನಿಂತಿದ್ದ ಕನ್ನಡಿಗ. ಇಷ್ಟು ಅಚ್ಚುಕಟ್ಟಾದ ಕಥೆ ನನಗೂ ಅನುಮಾನವೇ. ಆದರೆ ಫಾಂಟನ್ನು ಎಲ್ಲರಿಗೂ ಸಿಗುವ ಜಾಗಕ್ಕೆ ಸಾಗಿಸಿದವನು ನಾನೇ, ಅದರಲ್ಲಿ ಅನುಮಾನವಿಲ್ಲ.

“ಚೇಟ್ಟಾ, ಅದು ಕೈಪುಣ್ಯಂ ಅಲ್ಲ, ಫಾಂಟ್,” ಎಂದು ಎಲ್ಲವನ್ನೂ ವಿವರಿಸಿದೆ.

“ಶರಿ, ಶರಿ. ವಿನಯ ಒಳ್ಳೇದು ಮೋನೇ,” ಎಂದರು. ಆಮೇಲೆ ನಿಟ್ಟುಸಿರು ಬಿಟ್ಟರು. “ಹೋಗಿ ಬಾ. ಒಂದು ಆಜ್ಞೆ ಕೊಟ್ಟು ನಾನು ದೂರ ನಿಲ್ತೇನೆ. ಕೆಟ್ಟರೆ ಇನ್ನು ಮೇಲೆ ಯಾವ ಶನಿವಾರವೂ ನಿನ್ನದಲ್ಲ.”

ಶಾಲೆಯ ಸಭಾಂಗಣದಲ್ಲಿ ಶೈಲಜ ಮೊದಲು ಮಾಡಿದ ಕೆಲಸ ನನ್ನ ಮೊಬೈಲನ್ನು ತನ್ನ ಬ್ಯಾಗಿಗೆ ಸೇರಿಸಿದ್ದು. ಅದಿತಿ ತೆಂಗಿನಮರವಾಗಿ ಬಂದಳು. ಗಾಳಿಗೆ ಎಡಕ್ಕೆ ಬಾಗಬೇಕಾದಲ್ಲಿ ಬಲಕ್ಕೆ ಬಾಗಿದಳು, ಯಾಕೆಂದರೆ ನಾನು ಕೂತದ್ದು ಬಲಕ್ಕೆ. ನನ್ನನ್ನು ಕಂಡು ಗರಿಗಳನ್ನೆತ್ತಿ ಬೀಸಿದಳು. ಉಳಿದ ಮರಗಳೂ ಸಂಕೋಚದಿಂದ ಬೀಸಿದವು. ಅಷ್ಟರಲ್ಲಿ ಬ್ಯಾಗು ಗುಂಯ್‌ಗುಟ್ಟಿತು.

“ಕೊಡೇ.”

“ತೆರೆ ಬೀಳಲಿ.”

ತೆರೆ ಬಿತ್ತು, ಮೊಬೈಲ್ ಕೈಗೆ ಬಂತು. ಮೂರೂ ಸೀಡಿ ಸಿದ್ಧ, ಪರೀಕ್ಷೆ ಪಾಸು. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಆಗ ವೇದಿಕೆಯ ಮೇಲೆ ಹೆಡ್ಮಿಸ್ಟ್ರೆಸ್ ವಾರ್ಷಿಕ ವರದಿಯ ಮೊದಲ ಪುಟ ಓದುತ್ತಿದ್ದರು. ಅವರ ಮುಖ ಅರಳಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಶೈಲಜಳ ನೆನಪಿನಲ್ಲಿ ಅವರು ಕನ್ನಡಕ ತೆಗೆದು ನನ್ನನ್ನು ದಿಟ್ಟಿಸಿದರು.

ಹೊರಗೆ ಬಂದು ಥಾಮಸ್ ಚೇಟ್ಟನ್ನರಿಗೆ ಫೋನ್ ಮಾಡಿದೆ. “ಚೇಟ್ಟಾ, ಕುರ್ಚಿಯಲ್ಲಿ ಯಾರೂ ಕೂತಿರಲಿಲ್ಲ ತಾನೇ?”

“ಯಾರೂ ಇಲ್ಲ. ನಿನ್ನ ಸ್ವೆಟರ್ ಇತ್ತಲ್ಲ, ಸಾಕಾಯ್ತು.”

ಅಂದಿನಿಂದ ಶನಿವಾರಗಳೆಲ್ಲ ನನ್ನವು. ಶ್ರೀಕಾರ್ಯಂನಲ್ಲಿ ನಾನು ಮಗಳ ಜೊತೆ ಅಕ್ಷರ ತಿದ್ದುತ್ತೇನೆ, ಕಲೂರಿನಲ್ಲಿ ಸ್ವೆಟರ್ ಡ್ಯೂಟಿ ಮಾಡುತ್ತದೆ. ನಾನಿಲ್ಲದೆಯೂ ನಡೆಯುತ್ತದೆ ಎಂದು ಸಾಧಿಸಿ ತೋರಿಸಿದ ಜಗತ್ತಿನ ಕೆಲವೇ ಗಂಡಸರಲ್ಲಿ ನಾನೊಬ್ಬ. “ತನ್ನಿ ರೀ ಅದನ್ನ, ಒಗೆದಾದರೂ ಕೊಡ್ತೀನಿ,” ಎಂದು ಶೈಲಜ ಹೇಳಿದ್ದರಿಂದ ಒಂದು ಶುಕ್ರವಾರ ಸ್ವೆಟರನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಕಲೂರು ಬಸ್ ನಿಲ್ದಾಣದವರೆಗೂ ಹೋದೆ. ಮರುದಿನ ಬಿಡುಗಡೆ ಇತ್ತು. ಸ್ಕ್ರಿಪ್ಟಿನ ಒಂದೊಂದು ಸಾಲೂ ನನಗೆ ಬಾಯಿಪಾಠ. ಅದರಲ್ಲಿ ಉಣ್ಣೆಯ ಪ್ರಸ್ತಾಪ ಎಲ್ಲೂ ಇಲ್ಲ. ರೈಲು ನಿಲ್ದಾಣಕ್ಕೆ ಹೋಗುವ ಬಸ್ಸು ಬಂತು, ನಾನು ಹತ್ತಲಿಲ್ಲ. ವಾಪಸು ಮಹಡಿ ಹತ್ತಿ, ಸ್ವೆಟರನ್ನು ಕುರ್ಚಿಯ ಬೆನ್ನಿಗೆ ಮೊದಲಿದ್ದಂತೆಯೇ, ಎಡತೋಳು ಸ್ವಲ್ಪ ಮುಂದೆ ಬರುವ ಹಾಗೆ ಹಾಕಿ, ಯಾರೂ ನೋಡಲಿಲ್ಲವೆಂದು ಖಚಿತಪಡಿಸಿಕೊಂಡು ಬಂದೆ.