ಹರಿಹರಕ್ಕೊಂದು, ವಾಪಸ್ ಒಂದು

ಬೆಂಗಳೂರು ಬಿಟ್ಟವರೆಲ್ಲ ಹೇಳುವುದು ಒಂದೇ ಮಾತು: "ಅಬ್ಬ, ಈಗ ಉಸಿರಾಡೋ ಹಾಗಾಯ್ತು." ನಾನೂ ಬಿಟ್ಟೆ. ಉಸಿರೇನೋ ಆಡುತ್ತಿದೆ. ನನ್ನ ತಕರಾರು ನಿದ್ದೆಯದು.

ನಾವಿದ್ದದ್ದು ಕುಂದಲಹಳ್ಳಿಯಲ್ಲಿ, ಚಿಕ್ಕಬೈರಪ್ಪನವರ ಬಾಡಿಗೆ ಮನೆಯ ಎರಡನೇ ಮಹಡಿಯಲ್ಲಿ. ಮನೆ ಹಿಡಿದಾಗ ನನ್ನ ಕಂಪನಿ ಅಲ್ಲೇ ವೈಟ್‌ಫೀಲ್ಡಿನಲ್ಲಿತ್ತು. ಆಮೇಲೆ ಅದು ಪೀಣ್ಯಕ್ಕೆ ಎದ್ದುಹೋಯಿತು. ನಾವು ಏಳಲಿಲ್ಲ. ಹೆಂಡತಿ ಭುವನೇಶ್ವರಿಗೆ ಬ್ರೂಕ್‌ಫೀಲ್ಡಿನ ಶಾಲೆಯಲ್ಲಿ ಟೀಚರ್ ಕೆಲಸ, ನಡೆದೇ ಹೋಗಿ ಬರುತ್ತಿದ್ದಳು. ಹಾಗಾಗಿ ದಿನಾ ಬೆಳಿಗ್ಗೆ ಕಂಪನಿ ಬಸ್ಸು ನನ್ನನ್ನು ಊರಿನ ಈ ತುದಿಯಿಂದ ಆ ತುದಿಗೆ ಹೊತ್ತೊಯ್ದು, ಸಂಜೆ ಮರಳಿ ತಂದು ಸುರಿಯುತ್ತಿತ್ತು. ಮಾರತಹಳ್ಳಿ, ಟಿನ್ ಫ್ಯಾಕ್ಟರಿ, ಹೆಬ್ಬಾಳ, ಗೊರಗುಂಟೆಪಾಳ್ಯ. ಈ ಕ್ಷೇತ್ರಗಳಲ್ಲಿ ಬಸ್ಸು ಒಮ್ಮೆ ನಿಂತಿತೆಂದರೆ ಯಾರಾದರೂ ಇಳಿದು, ಕಾಫಿ ಕುಡಿದು, ಕಟಿಂಗ್ ಮಾಡಿಸಿಕೊಂಡು ಬಂದು ಮತ್ತೆ ಅದೇ ಸೀಟಿನಲ್ಲಿ ಕೂರಬಹುದಿತ್ತು.

"ನನ್ನ ಆಯಸ್ಸೆಲ್ಲ ಹೆಬ್ಬಾಳದ ಫ್ಲೈಓವರ್ ಮೇಲೇ ಕರಗಿಹೋಗ್ತಿದೆ ಕಣೇ," ಎಂದು ನಾನು ಪ್ರತಿ ರಾತ್ರಿ ಗೋಳಾಡುತ್ತಿದ್ದೆ.

"ಕರಗೋದೆಲ್ಲಿ ಬಂತು? ಗೊರಕೆ ಹೊಡ್ಕೊಂಡು ಬರ್ತೀರ. ನಿಮ್ಮ ಶರ್ಟಿನ ಕಾಲರ್ ನೋಡಿದ್ರೆ ಗೊತ್ತಾಗಲ್ವಾ, ಯಾವ ಕಡೆಗೆ ವಾಲಿಕೊಂಡು ಮಲಗಿದ್ರಿ ಅಂತ," ಎನ್ನುತ್ತಿದ್ದಳು ಭುವನೇಶ್ವರಿ. ಸತ್ಯವನ್ನು ಇಷ್ಟು ನಿರ್ದಯವಾಗಿ ಹೇಳುವವರು ಶಾಲೆಗಳಲ್ಲಿ ಮಾತ್ರ ಸಿಗುತ್ತಾರೆ.

ಅಷ್ಟರಲ್ಲಿ ಕಂಪನಿ ದಾವಣಗೆರೆಯಲ್ಲೊಂದು ಡಿಪೋ ತೆರೆಯಿತು. ಲೆಕ್ಕಪತ್ರ ನೋಡಿಕೊಳ್ಳಲು ಹಿರಿಯರೊಬ್ಬರು ಬೇಕು ಎಂದರು. (ಹಿರಿಯರು ಎಂದರೆ ಇಲ್ಲಿ ಬೇಡವಾದವರು ಎಂದರ್ಥ ಅಂತ ಆಮೇಲೆ ತಿಳಿಯಿತು.) ನಾನು ಕೈ ಎತ್ತಿದೆ. ಮನೆಗೆ ಬಂದು ಘೋಷಿಸಿದೆ:

"ದಿನಕ್ಕೆ ನಾಲ್ಕು ಗಂಟೆ ಉಳಿಯುತ್ತೆ ಕಣೇ! ಅಲ್ಲಿ ಆಫೀಸಿಂದ ಮನೆಗೆ ಹತ್ತು ನಿಮಿಷ. ವಾಕಿಂಗ್ ಹೋಗ್ತೀನಿ, ತಬಲಾ ಕಲೀತೀನಿ, ನಿಂಜೊತೆ ಕೂತು ಮಾತಾಡ್ತೀನಿ."

"ಮಾತಾಡೋದು ಬೇಡ, ಮಿಕ್ಕಿದ್ದು ನೋಡೋಣ. ನನ್ನ ಕೆಲಸ?"

"ಬಿಟ್ಬಿಡು. ನೀನೂ ಸ್ವಲ್ಪ ದಿನ ಕಾಲು ಚಾಚಿ ಕೂತ್ಕೋ."

ಅವಳು ರಾಜೀನಾಮೆ ಕೊಟ್ಟಳು. ಲಾರಿಗೆ ಸಾಮಾನು ಹೇರುವ ದಿನ ಚಿಕ್ಕಬೈರಪ್ಪನವರು ಟವೆಲ್ ಕೊಡವುತ್ತಾ ನಿಂತಿದ್ದರು. ಒಂದು ಕಾಲಕ್ಕೆ ಅವರು ರಾಗಿ ಬಿತ್ತುತ್ತಿದ್ದ ಹೊಲದಲ್ಲಿ ಈಗ ಮೂರು ಬಾಡಿಗೆ ಕಟ್ಟಡಗಳು ಎದ್ದಿವೆ. "ಅಲ್ಲಾ ಸಾ, ಲೋಕ್ದೋರೆಲ್ಲ ಇಲ್ಲಿಗ್ ಬತ್ತಾವ್ರೆ, ನೀವ್ ನೋಡುದ್ರೆ ಓಯ್ತಾ ಇವ್ನಿ ಅಂತೀರಲ್ಲ. ಅಲ್ಲೇನೈತೆ?" ಎಂದರು.

"ಟೈಮು ಇದೆ ಬೈರಪ್ಪನವರೇ, ಟೈಮು," ಎಂದೆ ಗಂಭೀರವಾಗಿ.

ಇತ್ತು. ಆದರೆ ಅದು ನನ್ನದಾಗಿರಲಿಲ್ಲ.

ದಾವಣಗೆರೆಯಲ್ಲಿ ಡಿಪೋ ಐದಕ್ಕೆ ಮುಚ್ಚುತ್ತದೆ, ಐದೂಕಾಲಕ್ಕೆ ನಾನು ಮನೆಯಲ್ಲಿರುತ್ತೇನೆ. ಇದು ಮೊದಲ ವಾರದಲ್ಲೇ ಇಡೀ ಬೀದಿಗೆ ಗೊತ್ತಾಗಿಹೋಯಿತು. ಪಕ್ಕದ ಮನೆ ಈಶ್ವರಮ್ಮನವರಂತೂ ನನ್ನ ಸ್ಕೂಟರಿನ ಸದ್ದಿಗೇ ಕಾದಿರುತ್ತಿದ್ದರು. "ಬಂದ್ರೇನ್ರಿ ಸರ? ನಮ್ಮ ಗ್ಯಾಸ್ ಸಿಲಿಂಡರ್ ಒಳಗಿಟ್ಟು ಕೊಡ್ರಿ." "ಸರ, ಇವತ್ತು ನಮ್ಮ ನೆಂಟರ ಮನ್ಯಾಗ ಬಸುರಿಗೆ ಕುಬಸ, ಗಂಡಸ್ರು ಒಬ್ರು ಬರಬೇಕು, ಬರ್ರಿ." ಸಂಜೆ ಮದುವೆ, ಆರತಕ್ಷತೆ, ತೊಟ್ಟಿಲು, ಗೃಹಪ್ರವೇಶ. ಬೆಂಗಳೂರಿನಲ್ಲಿ ಇಂಥ ಹತ್ತು ಕಾಗದ ಬಂದರೆ ಒಂಬತ್ತಕ್ಕೆ "ಟ್ರಾಫಿಕ್ಕು" ಎಂದರೆ ಮುಗಿಯುತ್ತಿತ್ತು. ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ, ಏಕೆಂದರೆ ಅವರೂ ನಮ್ಮ ಮನೆಗೆ ಹಾಗೆಯೇ ಬಂದಿರಲಿಲ್ಲ. ಇಲ್ಲಿ ಒಮ್ಮೆ ಚಾಳಿಬಿದ್ದ ನಾಲಿಗೆಯಿಂದ ಅದೇ ಸುಳ್ಳು ಉದುರಿತು. ಡಿಪೋದ ಮುತ್ತಣ್ಣ ಯಾವುದೋ ಗೃಹಪ್ರವೇಶಕ್ಕೆ ಕರೆಯಲು ಫೋನ್ ಮಾಡಿದ್ದ.

"ಅಯ್ಯೋ ಮುತ್ತಣ್ಣ, ಸರ್ಕಲ್‌ನಲ್ಲಿ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕ್ಕೊಂಡಿದ್ದೀನಿ."

"ಯಾವ ಟ್ರಾಫಿಕ್ ಸರ? ನಿಮ್ಮ ಹಿಂದಿನ ಗಾಡಿ ನಂದೇ. ತಿರುಗಿ ನೋಡ್ರಿ."

ತಿರುಗಿ ನೋಡಿದೆ. ನಗುತ್ತಾ ಕೈ ಬೀಸಿದ. ಇಬ್ಬರ ನಡುವೆ ಒಂದು ಎಮ್ಮೆ ಮಾತ್ರ ಇತ್ತು.

ಆಗ ನನಗೆ ಜ್ಞಾನೋದಯವಾಯಿತು. ಕಂಪನಿ ಬಸ್ಸಿನಲ್ಲಿ ಹಾಳಾಗುತ್ತಿದೆ ಎಂದು ನಾನು ಅಳುತ್ತಿದ್ದ ಆ ಹೊತ್ತು, ಇಡೀ ಜೀವಮಾನದಲ್ಲಿ ನನಗೆಂದೇ ಇದ್ದ ಹೊತ್ತು. ಯಾರೂ ಕೇಳುತ್ತಿರಲಿಲ್ಲ, ಯಾರೂ ಕರೆಯುತ್ತಿರಲಿಲ್ಲ. ಕಿಟಕಿಗೆ ತಲೆ ಆನಿಸಿದರೆ ಸಾಕು, ಟಿನ್ ಫ್ಯಾಕ್ಟರಿಯ ಹಾರನ್ನುಗಳೇ ಜೋಗುಳ. ಇಲ್ಲಿ ನಿಶ್ಶಬ್ದವಾದ ಮಂಚದ ಮೇಲೆ ಮಲಗಿ ಕಣ್ಣು ಬಿಟ್ಟುಕೊಂಡು ಬೆಳಗಾಗಿಸುತ್ತಿದ್ದೆ. ಬೆಳಿಗ್ಗೆ ಲೆಕ್ಕದ ಪುಟಗಳ ಮೇಲೆ ತೂಕಡಿಸುತ್ತಿದ್ದೆ. ಡಿಪೋ ಮ್ಯಾನೇಜರು ಎರಡು ಸಲ ಕೆಮ್ಮಿ ಎಬ್ಬಿಸಿದ್ದರು. ಮೂರನೆಯ ಸಲ ಕೆಮ್ಮುವುದಿಲ್ಲ ಎಂಬುದೂ ಅವರ ಮುಖದಲ್ಲಿತ್ತು.

ಒಂದು ಸಂಜೆ ಡಿಪೋದಿಂದ ಹೊರಟವನು ಸ್ಕೂಟರನ್ನು ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಹರಿಹರದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೆ. ಊರು ದಾಟುವ ಮೊದಲೇ ನಿದ್ದೆ! ಹರಿಹರದಲ್ಲಿ ಕಂಡಕ್ಟರ್ ಅಮರಪ್ಪ ಭುಜ ತಟ್ಟಿದ.

"ಸರ, ಹರಿಹರ ಬಂತು. ಇಳೀರಿ."

"ವಾಪಸ್ ಒಂದು ಕೊಡಿ," ಎಂದು ಹೇಳಿ ಆ ಕಡೆಯ ಕಿಟಕಿಗೆ ವಾಲಿದೆ.

ಮರುದಿನವೂ ಹೋದೆ. ಅದರ ಮರುದಿನವೂ. ಮನೆಯಲ್ಲಿ "ಆಡಿಟ್ಟು" ಎಂದೆ. ವಾರದಲ್ಲೇ ನನ್ನ ಕಣ್ಣಿನ ಕೆಳಗಿನ ಕಪ್ಪು ಹೋಯಿತು. ಲೆಕ್ಕಗಳು ತಾಳೆಯಾಗತೊಡಗಿದವು. ಅಮರಪ್ಪನಿಗೆ ಮಾತ್ರ ನೆಮ್ಮದಿ ತಪ್ಪಿತು.

"ಸರ, ಹರಿಹರದಾಗ ಏನೈತ್ರಿ?"

"ಏನಿಲ್ಲ."

"ಏನೂ ಇಲ್ಲದ್ದಕ್ಕ ದಿನಾ ಹೋಗ್ತೀರಲ್ರಿ?"

ನಾನು ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದೆ. ಆದರೆ ಅಮರಪ್ಪ ಈಶ್ವರಮ್ಮನವರ ಅಳಿಯ ಎಂಬುದು ನನಗೆ ಗೊತ್ತಿರಲಿಲ್ಲ. ಚಿಕ್ಕ ಊರಿನಲ್ಲಿ ಕಂಡಕ್ಟರೊಬ್ಬ ಬರೀ ಕಂಡಕ್ಟರಾಗಿ ಉಳಿಯುವುದಿಲ್ಲ, ಯಾರದಾದರೂ ಅಳಿಯನಾಗಿಯೇ ತೀರುತ್ತಾನೆ.

ಆ ಶುಕ್ರವಾರ ಮನೆಗೆ ಬಂದಾಗ ಭುವನೇಶ್ವರಿ ಬಾಗಿಲಲ್ಲೇ ನಿಂತಿದ್ದಳು.

"ಯಾರವಳು?"

"ಯಾರು ಯಾರು?"

"ಹರಿಹರದವಳು! ಇಡೀ ಬೀದಿಗೆ ಗೊತ್ತು, ನಂಗೊಬ್ಬಳಿಗೇ ಆಡಿಟ್ಟು! ಈಶ್ವರಮ್ಮ ಬಂದು ನನ್ನ ಕೈ ಹಿಡ್ಕೊಂಡು ಸಮಾಧಾನ ಮಾಡಿ ಹೋದ್ರು ಕಣ್ರೀ. ಅವರಿಗೆ ಟೀ ಮಾಡಿಕೊಟ್ಟು ನಾನೇ ಸಮಾಧಾನ ಮಾಡಿಸ್ಕೋಬೇಕಾಯ್ತು."

"ಭುವನಾ, ಆಣೆ ಮಾಡಿ ಹೇಳ್ತೀನಿ, ಬಸ್ಸಲ್ಲಿ ಮಲಗೋಕೆ ಹೋಗ್ತಿದ್ದೆ."

"ಮಲಗೋಕೆ! ಮನೇಲಿ ಮಂಚ ಇಲ್ವಾ? ಟಿಕೆಟ್ ತಗೊಂಡು ನಿದ್ದೆ ಮಾಡೋ ಗಂಡಸನ್ನ ನಾನು ನೋಡೇ ಇಲ್ಲ. ಅಣ್ಣನಿಗೆ ಫೋನ್ ಮಾಡ್ತೀನಿ."

ಅವಳ ಅಣ್ಣ ಭೀಮಪ್ಪ ನನ್ನ ಮದುವೆಯ ದಿನದಿಂದಲೂ ಇಂಥದೊಂದು ಫೋನಿಗಾಗಿ ಕಾಯುತ್ತಿರುವ ಮನುಷ್ಯ. "ನಾಳೆ ನೀನೇ ಬಾ. ನಿನ್ನ ಕಣ್ಣೆದುರಿಗೇ ಮಲಗಿ ತೋರಿಸ್ತೀನಿ. ನಿದ್ದೆ ಬರದಿದ್ರೆ ಯಾವ ಅಣ್ಣನಿಗೆ ಬೇಕಾದ್ರೂ ಫೋನ್ ಮಾಡು," ಎಂದೆ.

ಹೀಗೆ ನನ್ನ ದಾಂಪತ್ಯದ ಮಾನ ನನ್ನ ಗೊರಕೆಯ ಮೇಲೆ ನಿಂತಿತು.

ಶನಿವಾರ ಸಂಜೆ ಇಬ್ಬರೂ ಬಸ್ಸು ಹತ್ತಿದೆವು. ಕಿಟಕಿ ಪಕ್ಕ ಅವಳೇ ಕೂತಳು, ಹರಿಹರದಲ್ಲಿ ಯಾರಾದರೂ ಕೈ ಬೀಸುತ್ತಾರೇನೋ ನೋಡಲು. ಅಮರಪ್ಪ ಬಂದು ನನ್ನ ಕಿವಿಯ ಬಳಿ ಬಾಗಿದ.

"ಸರ, ಇವರು ಯಾರ್ರಿ?"

"ನನ್ನ ಹೆಂಡತಿ ಕಣಪ್ಪಾ!"

"ಹೌದೇನ್ರಿ?" ಎಂದು ಅರೆನಂಬಿಕೆಯಲ್ಲಿ ಟಿಕೆಟ್ ಹರಿದ.

ನಾನು ಕಣ್ಣು ಮುಚ್ಚಿದೆ. ಬರಲಿಲ್ಲ. ಭಂಗಿ ಬದಲಿಸಿದೆ. ಬರಲಿಲ್ಲ. ಪರೀಕ್ಷಕರು ಪಕ್ಕದಲ್ಲೇ ಕೂತು ಎವೆಯಿಕ್ಕದೆ ನೋಡುತ್ತಿದ್ದರೆ ಯಾರಿಗೆ ತಾನೇ ನಿದ್ದೆ ಬಂದೀತು? ಭೀಮಪ್ಪನ ಮೀಸೆ ಕಣ್ಣೆದುರು ಬಂತು. ಸುಳ್ಳೇ ಗೊರಕೆ ಹೊಡೆಯೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಭುಜದ ಮೇಲೆ ಏನೋ ಧೊಪ್ಪನೆ ಬಿತ್ತು.

ಭುವನೇಶ್ವರಿಯ ತಲೆ.

ಗಾಢ ನಿದ್ದೆ. ಬಾಯಿ ಸ್ವಲ್ಪ ತೆರೆದಿತ್ತು. ಕೈಬೆರಳುಗಳಲ್ಲಿ ಮೆಣಸಿನಕಾಯಿ ಹೆಚ್ಚಿದ ಉರಿಗೆ ಹಚ್ಚಿಕೊಂಡ ಎಣ್ಣೆ. ಆಗ ಲೆಕ್ಕ ಹಾಕಿದೆ: ಬೆಂಗಳೂರಿನಲ್ಲಿ ನನಗೆ ಒಂದು ಡಬ್ಬಿ ಕಟ್ಟಿಕೊಟ್ಟರೆ ಸಂಜೆಯವರೆಗೆ ನಾನು ಅವಳ ಪಾಲಿಗೆ ಇರಲಿಲ್ಲ. ಇಲ್ಲಿ ಮಧ್ಯಾಹ್ನ ಬಿಸಿ ರೊಟ್ಟಿಗೆ ಬರುತ್ತೇನೆ. ಬರುವಾಗ ಒಮ್ಮೊಮ್ಮೆ ಮುತ್ತಣ್ಣನನ್ನೂ ಕರೆದುಕೊಂಡು ಬರುತ್ತೇನೆ. ಇನ್ನು ಈಶ್ವರಮ್ಮ, ಅವರ ನೆಂಟರು, ನೆಂಟರ ನೆಂಟರು. ಬಂದವರಿಗೆಲ್ಲ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ, ಟೀ. ಕಾಲು ಚಾಚಿ ಕೂರು ಎಂದು ಕರೆದುಕೊಂಡು ಬಂದಿದ್ದೆ. ಚಾಚಲು ಆ ಮನೆಯಲ್ಲಿ ಜಾಗವೇ ಇರಲಿಲ್ಲ.

ಹರಿಹರ ಬಂತು. ಎಬ್ಬಿಸಲು ಮನಸ್ಸಾಗಲಿಲ್ಲ. ಅಮರಪ್ಪನಿಗೆ ಸನ್ನೆ ಮಾಡಿ ಎರಡು ವಾಪಸ್ ಟಿಕೆಟ್ ತೆಗೆದುಕೊಂಡೆ. ಭುಜ ಜೋಮು ಹಿಡಿಯಿತು, ಅಲ್ಲಾಡಲಿಲ್ಲ. ದಾವಣಗೆರೆಯಲ್ಲಿ ಎಚ್ಚರವಾದವಳ ಮುಖ ತೊಳೆದಿಟ್ಟ ಹಾಗಿತ್ತು.

"ಎಷ್ಟು ದಿನ ಆಗಿತ್ತು ಕಣ್ರೀ ಇಂಥ ನಿದ್ದೆ ಮಾಡಿ! ನೀವು ಹೇಳಿದ್ದು ನಿಜ," ಎಂದಳು.

ಗೆದ್ದೆ ಎಂದುಕೊಂಡೆ. ಸೋಮವಾರ ಸಂಜೆ ಡಿಪೋದಿಂದ ನೇರ ಬಸ್ ಸ್ಟ್ಯಾಂಡಿಗೆ ಹೋದರೆ ನನ್ನ ಕಿಟಕಿಯ ಪಕ್ಕ ಅವಳು ಕೂತಿದ್ದಾಳೆ! ಕೈಯಲ್ಲಿ ಫೋಟೋ ಅಂಟಿಸಿದ ತಿಂಗಳ ಪಾಸು.

"ನೀವು ಮನೆಗೆ ಹೋಗಿ. ಈಶ್ವರಮ್ಮನ ನೆಂಟರು ಬರ್ತಾರಂತೆ. ಈರುಳ್ಳಿ ಹೆಚ್ಚಿಟ್ಟಿದ್ದೀನಿ, ಮಂಡಕ್ಕಿಗೆ ಒಗ್ಗರಣೆ ಹಾಕಿ. ಮಿರ್ಚಿಗೆ ಹಿಟ್ಟು ಗಟ್ಟಿಯಾಗಿರಲಿ."

"ಮತ್ತೆ ನಾನು? ನನ್ನ ನಿದ್ದೆ?"

"ನಿಮಗೆ ಭಾನುವಾರ," ಎಂದು ಹೇಳಿ ಕಣ್ಣು ಮುಚ್ಚಿದಳು. ಅಮರಪ್ಪ ಸೀಟಿ ಊದಿದ.

ವಾರವಿಡೀ ಮಿರ್ಚಿ ಕರಿದು ಭಾನುವಾರಕ್ಕೆ ಕಾದೆ. ಹೋದರೆ, ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ನಮ್ಮ ಇಡೀ ಬೀದಿ ಹರಿಹರದಲ್ಲೊಂದು ಮದುವೆಗೆ ಹೊರಟಿತ್ತು. ಈಶ್ವರಮ್ಮ ನನ್ನ ಕೈಗೆ ತೆಂಗಿನಕಾಯಿ ಚೀಲ ಕೊಟ್ಟು, "ಸರ, ನಿಮಗ ಹರಿಹರ ಚೆಂದಾಗಿ ಗೊತ್ತಲ್ರಿ, ಛತ್ರ ತೋರಸ್ರಿ," ಎಂದರು. ಹರಿಹರದ ನೆಲಕ್ಕೆ ಅಂದೇ ಮೊದಲು ಕಾಲಿಟ್ಟವನು ನಾನು. ಬೀದಿಯವರನ್ನೆಲ್ಲ ಹಿಂದಿಟ್ಟುಕೊಂಡು ಬಿಸಿಲಲ್ಲಿ ಮೂರು ಬೇರೆ ಛತ್ರ ಸುತ್ತಿದೆ, ಬಸ್ಸಿನಲ್ಲಿ ನಿಂತೇ ಹೋಗಿ ನಿಂತೇ ಬಂದೆ.

ಮನೆಗೆ ಬಂದು ಬಾಗಿಲು ತಟ್ಟಿದೆ. ತೆರೆಯಲು ಬಹಳ ಹೊತ್ತಾಯಿತು. ಭುವನೇಶ್ವರಿ ಆಕಳಿಸುತ್ತಾ ನಿಂತಿದ್ದಳು, ಕೆನ್ನೆಯ ಮೇಲೆ ದಿಂಬಿನ ಗೆರೆ.

"ಇಡೀ ಬೀದಿಯಲ್ಲಿ ಒಬ್ರೂ ಇರಲಿಲ್ಲ ಕಣ್ರೀ. ಬಾಗಿಲು ತಟ್ಟೋರೇ ಇಲ್ಲ. ಮನೇಲೇ ಎಂಥಾ ನಿದ್ದೆ ಅಂತೀರ! ಅಯ್ಯೋ, ನೀವಂತೂ ಇರ್ಬೇಕಿತ್ತು."