ಟಣ್ ಎನ್ನದ ಕೀಲು

ಚಹಾ ಚಮಚದಿಂದ ತಟ್ಟಿದಾಗ ಅದು ಟಣ್ ಎನ್ನಬೇಕಿತ್ತು, ಟಪ್ ಎಂದಿತು. ಎರ್ಮುಖಾನನ ಗ್ರಹಚಾರ ಶುರುವಾದದ್ದೇ ಅಲ್ಲಿಂದ.

ತಟ್ಟಿದವರು ಓಸ್ಕೆಮೆನ್ ನಗರದ ಲೋಹ ಸಂಶೋಧನಾಲಯದ ನಿರ್ದೇಶಕ ಸಾಗಿಂಡಿಕ್. ತಟ್ಟಿಸಿಕೊಂಡದ್ದು ಸೊಂಟದ ಮೂಳೆಗೆ ಕೂರಿಸುವ ಕೃತಕ ಕೀಲು. ಟೈಟೇನಿಯಂಗೆ ಇನ್ನೆರಡು ಲೋಹ ಬೆರೆಸಿ, ಕಾಯಿಸಿ, ಕೆಡಿಸಿ, ಮತ್ತೆ ಕಾಯಿಸಿ ಅಲ್ಲಿನ ವಿಜ್ಞಾನಿ ಎರ್ಮುಖಾನನಿಗೆ ಅದನ್ನು ಹದಕ್ಕೆ ತರಲು ಒಂಬತ್ತು ವರ್ಷ ಹಿಡಿದಿತ್ತು. ಅಷ್ಟರಲ್ಲಿ ಅವನ ಸ್ವಂತ ಸೊಂಟವೇ ಸವೆದು, ಬಾತುಕೋಳಿಯ ಹಾಗೆ ವಾಲಾಡಿಕೊಂಡು ನಡೆಯುವ ಸ್ಥಿತಿಗೆ ಬಂದಿದ್ದ. ಸರ್ಕಾರ ಒಪ್ಪಿದರೆ ಮೊದಲ ಕೀಲು ತನಗೇ ಎಂದು ಆಸ್ಪತ್ರೆಯಲ್ಲಿ ಹೆಸರು ಬರೆಸಿದ್ದ. ಒಪ್ಪಿಗೆ ಕೊಡಬೇಕಾದ ಉಪಮಂತ್ರಿ ಅಂದು ಮಧ್ಯಾಹ್ನವೇ ರಾಜಧಾನಿಯಿಂದ ಬರುವವರಿದ್ದರು.

"ಏನಯ್ಯಾ ಇದು, ಹಿಟ್ಟಿನ ಮುದ್ದೆಗೆ ಹೊಡ್ದಂಗಿದೆ!" ಎಂದರು ಸಾಗಿಂಡಿಕ್.

"ಅದೇ ಅದರ ಗುಣ ಅಗಾಯ್," ಎಂದ ಎರ್ಮುಖಾನ್, ಅಲ್ಲಿ ಹಿರಿಯರನ್ನು ಕರೆಯುವ ರೀತಿಯಲ್ಲಿ. "ಸದ್ದು ಅಂದ್ರೆ ನಡುಕ. ಈ ಲೋಹ ನಡುಕಾನ ಒಳಗೇ ನುಂಗ್ಕೊಳ್ಳತ್ತೆ. ಹೆಜ್ಜೆ ಇಟ್ಟಾಗ ಪೆಟ್ಟು ಮೂಳೆಗೆ ಹೋಗಲ್ಲ."

"ನಿಂಗೆ ಗೊತ್ತು, ಮಂತ್ರಿಗಳಿಗೆ ಗೊತ್ತಾ? ಅವರು ಕಲ್ಲಂಗಡಿ ಸೀಮೆಯವರು. ತಟ್ಟಿ ನೋಡ್ದೆ ಟೋಪಿನೂ ಕೊಳ್ಳಲ್ಲ. ಊಟದ ಹೊತ್ತಿಗೆ ಇದು ಟಣ್ ಅನ್ನಬೇಕು, ಅಷ್ಟೆ!"

ಸುದ್ದಿ ಮಹಡಿಯಿಂದ ಮಹಡಿಗೆ ಇಳಿಯಿತು. ಎರ್ಮುಖಾನನ ಮೇಜಿನ ಸುತ್ತ ಸಾವಿಗೆ ಬಂದವರ ಹಾಗೆ ಜನ ಸೇರಿದರು. ಕುರಿಕೊಬ್ಬಿನಲ್ಲಿ ಅದ್ದಿ ಕಾಯಿಸು ಎಂದವರೊಬ್ಬರು. ಒಳಗೆ ಟೊಳ್ಳು ಮಾಡು, ಮಂತ್ರಿಗಳ ತಲೆಯಂತೆ ಚೆನ್ನಾಗಿ ಮೊಳಗುತ್ತದೆ ಎಂದು ಮತ್ತೊಬ್ಬರು, ಬಾಗಿಲ ಕಡೆ ನೋಡಿಕೊಂಡು.

ಗುಂಪಿನಲ್ಲಿ ಉಗ್ರಾಣ ನೋಡಿಕೊಳ್ಳುವ ಕುಲ್ಯಾಶ್ ಅಪಾಯ್ ಕೂಡ ಇದ್ದಳು. ಅಲ್ಲಿಯವರು ಅಕ್ಕನನ್ನು ಅಪಾಯ್ ಎನ್ನುತ್ತಾರೆ; ಈಕೆಯ ಮಟ್ಟಿಗೆ ಆ ಪದದ ಕನ್ನಡದ ಅರ್ಥವೂ ಸುಳ್ಳಾಗಿರಲಿಲ್ಲ. ಎರ್ಮುಖಾನ್ ಕೈ ತೊಳೆಯಲು ಹೋದ ಹೊತ್ತಿಗೆ ಆಕೆ ಮಖಮಲ್ಲಿನ ಪೆಟ್ಟಿಗೆಯಿಂದ ಅವನ ಕೀಲು ತೆಗೆದು, ಉಗ್ರಾಣದಲ್ಲಿದ್ದ ಹಳೆಯ ಉಕ್ಕಿನ ಕೀಲನ್ನು ಫಳಫಳ ಉಜ್ಜಿ ಇಟ್ಟುಬಿಟ್ಟಳು.

ಅವನು ಬಂದು ತಟ್ಟಿ ನೋಡಿದ. ಟಣ್!

"ಅಪಾಯ್! ಏನ್ ಮಾಡಿದ್ರಿ?"

"ನಿನ್ನ ಒಳ್ಳೇದಕ್ಕೇ ಕಣೋ ತಮ್ಮಾ. ಸಹಿ ಬೀಳ್ಲಿ, ಆಮೇಲೆ ಬದಲಾಯಿಸಿದ್ರಾಯ್ತು."

"ಉಕ್ಕಿಗೆ ಸಹಿ ಬಿದ್ರೆ ಜನರ ಸೊಂಟದೊಳಗೆ ಹೋಗೋದೂ ಉಕ್ಕೇ!" ಎಂದು ಅವನು ಬೇಡಿದ, ಬೈದ, ಕೊನೆಗೆ ಆಕೆಯ ಹಿಂದೆಯೇ ಕುಂಟುತ್ತ ಉಗ್ರಾಣಕ್ಕೆ ಹೋಗಿ, ಚಹಾಪುಡಿಯ ಡಬ್ಬದಲ್ಲಿ ಹುದುಗಿಸಿದ್ದ ತನ್ನ ಕೀಲನ್ನು ಹುಡುಕಿ ತಂದ. ಪೆಟ್ಟಿಗೆಗೆ ಅದನ್ನು ಸೇರಿಸುವುದಕ್ಕೂ ಉಪಮಂತ್ರಿ ತಾಸ್‌ಬೊಲಾತ್ ಒಳಗೆ ಕಾಲಿಡುವುದಕ್ಕೂ ಸರಿಹೋಯಿತು.

ಉಪಮಂತ್ರಿಗಳು ಕುದುರೆಮಾಂಸದ ಊಟ ಮುಗಿಸಿದ್ದರು. ಮುಖ ತುಪ್ಪ ಸವರಿದ ಹಾಗಿತ್ತು. ಕೀಲನ್ನು ಕೈಗೆತ್ತಿಕೊಂಡವರೇ ಬೆರಳಿನ ಉಂಗುರದಿಂದ ಕುಟ್ಟಿದರು. ಟಪ್. ಹುಬ್ಬು ಏರಿತು. ಪೆನ್ನಿನಿಂದ ಕುಟ್ಟಿದರು. ಟಪ್. ಸುತ್ತಿಗೆ ತರಿಸಿ ಬಡಿದರು. ಟಪ್.

ಸಾಗಿಂಡಿಕ್ ಬೆವರತೊಡಗಿದರು. "ನಾನು ಬೆಳಿಗ್ಗೇನೇ ಬೇಡ ಅಂದಿದ್ದೆ ಮಂತ್ರಿಗಳೇ. ಇವನದೇ ಹಟ."

"ಎಷ್ಟು ಹೊಡೆದ್ರೂ ಸದ್ದೇ ಬರಲ್ವಾ?" ಎಂದು ಉಪಮಂತ್ರಿಗಳು ಎರ್ಮುಖಾನನನ್ನೇ ಕೇಳಿದರು.

"ಬರಲ್ಲ ಮಂತ್ರಿಗಳೇ. ಕೋಟಿ ಹೆಜ್ಜೆ ಹಾಕಿದ್ರೂ ಬರಲ್ಲ."

ಉಪಮಂತ್ರಿಗಳು ಅವನನ್ನು ಬಾಚಿ ತಬ್ಬಿಕೊಂಡರು. "ಇಷ್ಟು ವರ್ಷ ಎಲ್ಲಿ ಬಚ್ಚಿಟ್ಕೊಂಡಿದ್ದೆ ಮಾರಾಯಾ!"

"ನಾನೇ ಹುರಿದುಂಬಿಸಿದ್ದು," ಎಂದರು ಸಾಗಿಂಡಿಕ್, ಬೆವರು ಒರೆಸಿಕೊಂಡು. ಎರ್ಮುಖಾನನ ಕಣ್ಣು ತುಂಬಿ ಬಂತು. ಒಂಬತ್ತು ವರ್ಷ! ಕಾರ್ಯದರ್ಶಿ ಆದೇಶ ಬರೆದ, ಉಪಮಂತ್ರಿಗಳು ನಿಂತಲ್ಲೇ ಸಹಿ ಹಾಕಿದರು. ಕಾಗದವನ್ನು ಇಸಿದುಕೊಂಡು ಓದಿದ ಎರ್ಮುಖಾನ್ ಮತ್ತೊಮ್ಮೆ ಓದಿದ.

"ಪದಕ...?"

"ಪದಕ!" ಉಪಮಂತ್ರಿಗಳು ಕೈ ಚಾಚಿ ಹೇಳಿದರು. "ನನ್ನ ಕಷ್ಟ ನಿಮಗೇನ್ ಗೊತ್ತು? ಭಾಷಣಕ್ಕೆ ನಿಂತ್ರೆ ಮುಂದಿನ ಸಾಲಲ್ಲಿ ಹಿರಿಯರು, ಎದೆ ತುಂಬ ಪದಕ. ಒಬ್ಬರು ಕೆಮ್ಮಿದ್ರೆ ಝಣ್, ಇನ್ನೊಬ್ಬರು ತೂಕಡಿಸಿದ್ರೆ ಝಣಝಣ. ಗಂಟೆ ಕಟ್ಟಿದ ದನದ ಮಂದೆ ಮುಂದೆ ಮಾತಾಡ್ದಂಗೆ! ಇನ್ಮೇಲೆ ದೇಶದ ಪದಕ ಎಲ್ಲಾ ಈ ಲೋಹದ್ದೇ. ಮೂರು ವರ್ಷ ನಿಮ್ಮ ಕುಲುಮೆಯಲ್ಲಿ ಬೇರೇನೂ ಹೊಯ್ಯಬೇಡಿ."

"ಮತ್ತೆ... ಸೊಂಟ?"

"ಸೊಂಟಕ್ಕಿಂತ ಎದೆ ಮೇಲಲ್ವೇನಯ್ಯಾ? ಮೊದಲು ಅದನ್ನ ನೋಡ್ಕೊಳ್ಳೋಣ," ಎಂದು ಸಾಗಿಂಡಿಕ್ ಅವನ ಕಾಲು ತುಳಿದರು.

ಮೊದಲ ಪದಕ ಎರ್ಮುಖಾನನಿಗೇ ಸಲ್ಲಬೇಕೆಂದು ತೀರ್ಮಾನವಾಯಿತು. ಪರೀಕ್ಷೆಗೆಂದು ಕತ್ತರಿಸಿದ್ದ ಬಿಲ್ಲೆಯೊಂದಕ್ಕೆ ಕುಲ್ಯಾಶ್ ಅಪಾಯ್ ಕೂಡಲೇ ರಿಬ್ಬನ್ ಪೋಣಿಸಿ ತಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅದನ್ನು ಹಾಕಿಸಿಕೊಳ್ಳಲು ಎರ್ಮುಖಾನ್ ಕೋಣೆಯ ಈ ತುದಿಯಿಂದ ಆ ತುದಿಗೆ ಮೇಜು, ಕುರ್ಚಿ ಹಿಡಿದು ವಾಲಾಡುತ್ತ ನಡೆದು ಬಂದ.

ಪಿನ್ನು ಚುಚ್ಚುತ್ತಿದ್ದ ಉಪಮಂತ್ರಿಗಳ ಮುಖದಲ್ಲಿ ಮರುಕ ಮೂಡಿತು.

"ಏನಪ್ಪಾ, ಸೊಂಟ ನೋವಾ?" ಎಂದು ಅವನ ಹೆಗಲ ಮೇಲೆ ಕೈಯಿಟ್ಟು ತಗ್ಗಿದ ದನಿಯಲ್ಲಿ ಹೇಳಿದರು. "ಹಂಗೇ ಬಿಡಬೇಡ. ಈಗೆಲ್ಲ ಏನೋ ಒಳ್ಳೊಳ್ಳೆ ಕೀಲು ಕಂಡುಹಿಡಿದಿದಾರಂತೆ. ಒಂದು ಹಾಕಿಸ್ಕೋ."